ಕಾಲು ಲೀಟರು

ಪೋರ್ಟೊ-ನೋವೊದ ಹೊರಗೆ, ಗಡಿಯ ಕಡೆ ಹೋಗುವ ರಸ್ತೆಯಲ್ಲಿ
ನನ್ನದೊಂದು ಮೇಜು. ಅದರ ಒಂದು ಕಾಲಿಗೆ ಇಟ್ಟಿಗೆ ಚೂರಿನ ಊರೆ.
ಮೇಲೆ ಸಾಲಾಗಿ ಬಾಟಲಿಗಳು: ಯಾರೋ ಕುಡಿದು ಬಿಸಾಕಿದ
ವಿಸ್ಕಿಯವು, ಜಿನ್ನಿನವು, ಹೊಟ್ಟೆ ದಪ್ಪನೆಯ ಐದು ಲೀಟರಿನದೊಂದು.
ಬೆಳಗಿನ ಬಿಸಿಲು ಹಾಯ್ದರೆ ಜೇನೆಂದುಕೊಳ್ಳಬೇಕು,
ಮೂಗಿಲ್ಲದವರು.

ನನ್ನ ಹೆಸರು ಹುಏಫಾ.
ಹತ್ತೊಂಬತ್ತು ವರ್ಷ ಸುರಿದಿದ್ದೇನೆ, ಕೈ ನಡುಗಿಲ್ಲ.
ನನ್ನ ರೊಟ್ಟಿಗೆ ಪೆಟ್ರೋಲಿನ ವಾಸನೆ, ನನ್ನ ನೋಟಿಗೆ, ತಲೆದಿಂಬಿಗೆ.
ಮೊಲೆ ಬಿಡಿಸಲು ಬೇರೆಯವರು ಕಹಿ ಹಚ್ಚುತ್ತಾರೆ.
ಮಗಳು ತಾನೇ ಮುಖ ತಿರುಗಿಸಿದಳು,
ನನಗೆ ಆ ಖರ್ಚೂ ಉಳಿಯಿತು.

ಗಡಿಯಾಚೆ ದೊಡ್ಡ ಊರಲ್ಲಿ ಯಾರೋ ಒಂದು ಕಾಗದಕ್ಕೆ ರುಜು ಹಾಕಿದರು.
ಸಹಾಯಧನ ಎಂಬ ಹೆಸರನ್ನು ನಾನು ಕೇಳಿದ್ದು
ಅವನು ಸತ್ತ ದಿನ. ಬದುಕಿದ್ದಾಗ ಪರಿಚಯವಿರಲಿಲ್ಲ.
ಇಷ್ಟು ವರ್ಷ ನನ್ನ ಒಲೆಗೆ ಸೌದೆ ಒಟ್ಟಿದವನು
ಅವನೇ ಅಂತೆ.

ಅಲ್ಲಿ ಸೀನಿದರು, ಇಲ್ಲಿ ನಮಗೆ ಜ್ವರ.
ರಾತ್ರಿ ಗಡಿ ದಾಟಿ ಡಬ್ಬ ತರುವ ಸೆಸ್ಸಿನು
ಎರಡೇ ಡಬ್ಬ ಇಳಿಸಿ ಬೆಲೆ ಹೇಳಿದ,
ನನಗಲ್ಲ, ತನ್ನ ಸ್ಕೂಟರಿನ ಟೈರಿಗೆ ಹೇಳುವವನಂತೆ.
ಮುನ್ನೂರಿದ್ದದ್ದು ಆರುನೂರೈವತ್ತು.

ಮೊದಲು ಬೆಲೆ ಬರೆದಿಡುವ ಪದ್ಧತಿಯೇ ಇರಲಿಲ್ಲ,
ಎಲ್ಲರಿಗೂ ಬಾಯಿಪಾಠ.
ಈಗ ಮಗಳ ಸ್ಲೇಟು ತಂದು ನಿಲ್ಲಿಸಿದೆ.
ಸಂಜೆಯೊಳಗೆ ಮೂರು ಸಲ ಒರೆಸಿದೆ, ಉಟ್ಟ ಬಟ್ಟೆಯ ಅಂಚಿನಲ್ಲೇ.

ಗಿರಣಿಯ ಅಕ್ವಾವಿ ಜೋಳ ಬೀಸಲು ಬಟ್ಟಲಿಗೆ ಐವತ್ತು ಏರಿಸಿದಳು,
"ನಿನ್ನ ಡೀಸೆಲಿನಿಂದ" ಎಂದಳು. ನಾನು ಡೀಸೆಲು ಮಾರುವುದೇ ಇಲ್ಲ.
ಅಕಾಸಾ ಮಾರುವ ಹುಡುಗಿ ಎಲೆ ಅಷ್ಟೇ ದೊಡ್ಡದಿಟ್ಟು
ಒಳಗಿನ ಉಂಡೆ ಕಿರಿದು ಮಾಡಿದಳು, "ಗಿರಣಿಯಿಂದ" ಎಂದಳು.
ಮೆಣಸಿನಕಾಯಿಯವಳು ಇಬ್ಬರನ್ನೂ ಬೈದಳು.
ಬೈಗುಳ ಮಾರುಕಟ್ಟೆಯನ್ನೆಲ್ಲ ಸುತ್ತಿ
ಕೊನೆಗೆ ನನ್ನ ಮೇಜಿಗೆ ಬಂದು ನಿಂತಿತು.
ನಾನು ಯಾರ ಮುಂದೆ ಹೋಗಿ ನಿಲ್ಲಲಿ?
ಗಡಿಯ ಕಡೆ ನೋಡಿದೆ. ಲಾರಿ ಹೋದ ಧೂಳು.

ಇಳಿಹೊತ್ತಿಗೆ ಕ್ಪೋಸು ಬಂದ, ಬೈಕು ತಳ್ಳಿಕೊಂಡು.
ಬಾಡಿಗೆ ಸವಾರರ ಹಳದಿ ಅಂಗಿ, ಬೆನ್ನಿನ ನಂಬರು ಬೆವರಿಗೆ ಅಂಟಿತ್ತು.
ಮೊದಲೆಲ್ಲ ಎರಡು ಲೀಟರು; ಸೀಟಿನಿಂದ ಇಳಿಯುತ್ತಲೂ ಇರಲಿಲ್ಲ,
ಆಲಿಕೆ ಎತ್ತುವಷ್ಟರಲ್ಲಿ ಕಿಕ್ ಹೊಡೆದು ಮಾಯ,
ಉಳಿದ ಹನಿ ರಸ್ತೆಗೆ.
ಇವತ್ತು ಇಳಿದ. ಸ್ಟ್ಯಾಂಡು ಹಾಕಿದ. ಟೋಪಿ ತೆಗೆದ.
"ಕಾಲು" ಎಂದ.

ಕಾಲು ಲೀಟರಿಗೆ ನನ್ನಲ್ಲಿ ಬಾಟಲಿಯೇ ಇಲ್ಲ.
ಮಗಳ ಕೆಮ್ಮಿನ ಔಷಧಿಯ ಸೀಸೆ ತಂದು, ನೂರರ ಗೆರೆಗೆ
ಎರಡೂವರೆ ಸಲ ಅಳೆದೆ.
ಆಲಿಕೆಗೆ ಸೋಸುವ ಬಟ್ಟೆ. ಸುರಿದೆ. ಮುಗಿಯಿತು.
ಅವನು ಆಲಿಕೆ ಬಿಡಲಿಲ್ಲ.
ನಾನೂ ಕೀಳಲಿಲ್ಲ.
ಬಟ್ಟೆಯಿಂದ ಒಂದು ಹನಿ ಜಾರಿತು.
ತಡೆದು, ಇನ್ನೊಂದು.
ಇಷ್ಟು ವರ್ಷದ ಗಿರಾಕಿ, ಅವನ ಎಡಗಣ್ಣಿನ ಕೆಳಗೆ
ಹಳೆಯ ಹೊಲಿಗೆಯ ಗುರುತಿದೆಯೆಂದು ನನಗೆ ಇವತ್ತು ಗೊತ್ತಾಯಿತು.
ಮೂರನೆಯದು ಬರುತ್ತದೋ ಇಲ್ಲವೋ ಎಂದು
ಇಬ್ಬರೂ ಉಸಿರು ಹಿಡಿದೆವು.
ಬಂತು.
ಲಾಟರಿ ಹೊಡೆದವನಂತೆ ನಕ್ಕ.

ಕತ್ತಲಾಗುವಾಗ ಸೆನಾಮಿ ಶಾಲೆಯಿಂದ ನಡೆದು ಬಂದಳು,
ಮೊಣಕಾಲಿನವರೆಗೆ ಕೆಂಪು ಧೂಳು.
ಪೆಟ್ರೋಲು ಮಾರುವವಳ ಮಗಳು.
"ನಾಳೆ ಲೆಕ್ಕದ ಪರೀಕ್ಷೆ. ನನ್ನ ಸ್ಲೇಟು ಕೊಡು."
"ತಗೋ."
"ಮತ್ತೆ ಬೆಲೆ?"
"ಮುಖ ಇದೆಯಲ್ಲ."
ಅವಳು ಉಗುಳು ಹಚ್ಚಿ ಉಜ್ಜಿದಳು,
ನಾನು ಬುಡ್ಡಿ ದೀಪವನ್ನು ಬಾಟಲಿಗಳಿಂದ ನಾಲ್ಕು ಹೆಜ್ಜೆ ದೂರವಿಟ್ಟು ಕೂತೆ.

ಒಂದು ಬೈಕು ನಿಧಾನಿಸಿತು.
ಸವಾರ ಮೇಜು ನೋಡಿದ, ನನ್ನನ್ನು ನೋಡಿದ,
ಓದಿಕೊಂಡು
ಮುಂದೆ ಹೋದ.